ಕ್ಯಾಶಣ್ಣನ ಬೀಗದಕೈ: ಒಂದು ಬ್ಯಾಂಕ್ ಶಾಖೆಯಲ್ಲಿ ಸಹೋದ್ಯೋಗಿಯ ಸಾವು

2025ರ ಆಗಸ್ಟ್ ತಿಂಗಳ ಮೊದಲ ಸೋಮವಾರ, ಬೆಳಗಿನ ಜಾವ 5.50ಕ್ಕೆ ಮ್ಯಾನೇಜರ್ ಫೋನ್ ಮಾಡಿದರು. "ಮೇಡಂ, ಕ್ಯಾಶಿಯರ್ ಹೋಗ್ಬಿಟ್ರಂತೆ" ಅಂದರು. ನಿದ್ದೆಗಣ್ಣಲ್ಲಿ ನನಗೆ ಹೊಳೆಯಲಿಲ್ಲ. "ಎಲ್ಲಿಗೆ ಸಾರ್?" ಅಂತ ಕೇಳಿಬಿಟ್ಟೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. "ತೀರ್ಕೊಂಡ್ರು ಮೇಡಂ. ಹಾರ್ಟ್ ಅಟ್ಯಾಕು. ನಾಲ್ಕು ಗಂಟೇಲಿ." ಆಮೇಲೆ ಅವರು ಹೇಳಿದ ಮಾತು: "ಸೇಫ್ ಕೀ ಅವ್ರ ಮನೇಲೇ ಇದೆ."

ಆ ಕೊನೆಯ ಮಾತಿಗೆ ತಿಂಗಳುಗಟ್ಟಲೆ ಅವರ ಮೇಲೆ ಸಿಟ್ಟಿಟ್ಟುಕೊಂಡಿದ್ದೆ. ಈಗ ಇಲ್ಲ, ಯಾಕೆ ಇಲ್ಲ ಅನ್ನುವುದು ಮುಂದೆ ಬರುತ್ತದೆ. ನಮ್ಮ ಬ್ಯಾಂಕಿನ ತರಬೇತಿ ವಿಭಾಗದವರು "ಈ ಪ್ರಕರಣದ ಬಗ್ಗೆ ಒಂದು ಟಿಪ್ಪಣಿ ಕೊಡಿ" ಎಂದು ಕೇಳಿದ್ದರು. ಎರಡು ಪುಟ ಕೊಟ್ಟೆ. ಅದರಲ್ಲಿ ಹಿಡಿಯದೆ ಉಳಿದದ್ದು ಈ ಬರಹ. ಊರಿನ ಹೆಸರು, ಬ್ಯಾಂಕಿನ ಹೆಸರು, ಜನರ ಹೆಸರು ಯಾವುದನ್ನೂ ಹಾಕಿಲ್ಲ. ಕ್ಯಾಶಿಯರ್ ಅವರ ಹೆಂಡತಿಗೆ ಇದನ್ನು ಓದಿ ಹೇಳಿ, ಅವರು ಬೇಡವೆಂದ ಎರಡು ಸಂಗತಿ ತೆಗೆದಿದ್ದೇನೆ.

ಶಾಖೆ

ಮಂಡ್ಯ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ, ಅಲ್ಲಿರುವ ಪಟ್ಟಣ ಸಹಕಾರಿ ಬ್ಯಾಂಕಿನ ಶಾಖೆ. ಹಾಜರಿ ಪುಸ್ತಕದಲ್ಲಿ ಆರು ಹೆಸರು: ಮ್ಯಾನೇಜರ್, ಅಕೌಂಟೆಂಟ್ ಆದ ನಾನು, ಕ್ಯಾಶಿಯರ್, ಇಬ್ಬರು ಕ್ಲರ್ಕ್, ಒಬ್ಬ ಅಟೆಂಡರ್. ಹಾಜರಿ ಪುಸ್ತಕದಲ್ಲಿ ಇಲ್ಲದೆ ದಿನಾ ಬರುವವರು ಇನ್ನು ಮೂವರು. ಅಡವಿಡುವ ಒಡವೆಯನ್ನು ಒರೆಗೆ ಹಚ್ಚಿ ನೋಡುವ ಅಪ್ರೈಸರ್ ಆಚಾರ್ರು, ಏಜೆನ್ಸಿ ಕಡೆಯ ಸೆಕ್ಯುರಿಟಿ, ಕಸ ಗುಡಿಸುವ ಅಮ್ಮ.

ಕ್ಯಾಶಿಯರ್‌ಗೆ 43 ವರ್ಷ. 17 ವರ್ಷದ ಸೇವೆ, ಅದರಲ್ಲಿ 11 ವರ್ಷ ಇದೇ ಶಾಖೆಯಲ್ಲಿ. ಊರಿಗೆಲ್ಲ ಅವರು ಕ್ಯಾಶಣ್ಣ. ವಿಧವಾ ವೇತನ, ಗೃಹಲಕ್ಷ್ಮಿ, ಡೇರಿ ದುಡ್ಡು ಅಂತ ಬರುವ ಹೆಂಗಸರಿಗೆ ಐನೂರರ ನೋಟು ಕೊಟ್ಟರೆ ಅಂಗಡಿಯಲ್ಲಿ ಚಿಲ್ಲರೆಗೆ ಅಲೆಯಬೇಕು ಅಂತ ನೂರು, ಐವತ್ತು, ಇಪ್ಪತ್ತು ಕೂಡಿಸಿ ಕೊಡುತ್ತಿದ್ದರು. ಇದರಿಂದ ಕೌಂಟರ್ ನಿಧಾನವಾಗುತ್ತಿತ್ತು, ವ್ಯಾಪಾರಿಗಳು ಗೊಣಗುತ್ತಿದ್ದರು. ಅವರು ಕೇಳಿಸಿಕೊಳ್ಳುತ್ತಿರಲಿಲ್ಲ.

ಬೀಗದಕೈ ವಿಷಯ ಬ್ಯಾಂಕಿನವರಲ್ಲದವರಿಗೆ ಒಂದಿಷ್ಟು ಹೇಳಬೇಕು. ಸೇಫಿಗೆ ಎರಡು ಬೀಗ. ಒಂದರ ಕೀ ಕ್ಯಾಶಿಯರ್ ಹತ್ತಿರ, ಇನ್ನೊಂದು ಅಧಿಕಾರಿಯ ಹತ್ತಿರ. ಒಬ್ಬರೇ ತೆಗೆಯಲು ಬರುವುದಿಲ್ಲ. ಇಬ್ಬರೂ ನಿಂತು ತೆಗೆಯಬೇಕು, ಇಬ್ಬರೂ ನಿಂತು ಮುಚ್ಚಬೇಕು. ನಮ್ಮ ಭಾಷೆಯಲ್ಲಿ ಅದು ಜಾಯಿಂಟ್ ಕಸ್ಟಡಿ. ಸಂಜೆ ಇಬ್ಬರೂ ಅವರವರ ಕೀ ಅವರವರ ಮನೆಗೆ ಒಯ್ಯುತ್ತಾರೆ. ಕೀ ಕಳೆದುಹೋದರೆ ಅಂತ ಡ್ಯೂಪ್ಲಿಕೇಟ್ ಕೀ ಜೋಡಿ ಬೇರೊಂದು ಶಾಖೆಯಲ್ಲಿ ಮೊಹರು ಹಾಕಿದ ಲಕೋಟೆಯಲ್ಲಿರುತ್ತದೆ. ನಮ್ಮದು ಇದ್ದದ್ದು 38 ಕಿಲೋಮೀಟರ್ ದೂರದ ಶಾಖೆಯಲ್ಲಿ. ಅದನ್ನು ಬಿಡಿಸಲು ಕೇಂದ್ರ ಕಚೇರಿಯ ಪತ್ರ ಬೇಕು.

ನಮ್ಮ ಶಾಖೆಯಲ್ಲಿ ಎರಡನೇ ಕೀ ನನ್ನದು. ಒಂಬತ್ತು ವರ್ಷ ದಿನಕ್ಕೆರಡು ಸಲ ಆ ಸೇಫಿನ ಮುಂದೆ ನಾವಿಬ್ಬರೂ ಅಕ್ಕಪಕ್ಕ ನಿಂತಿದ್ದೇವೆ. "ನೀವು ಮೊದ್ಲು ಮೇಡಂ" ಅಂತ ದಿನಾ ಅನ್ನುತ್ತಿದ್ದರು. ನಾನು ನನ್ನ ಕೀ ತಿರುಗಿಸಿದ ಮೇಲೆ ಅವರದು. ಹಾಗೇ ಮಾಡಬೇಕೆಂದು ಎಲ್ಲೂ ನಿಯಮವಿಲ್ಲ.

ಸೋಮವಾರ

ಏಳೂವರೆಗೆ ಅವರ ಮನೆ ಮುಂದೆ ಇದ್ದೆವು. ಶಾಮಿಯಾನ ಕಟ್ಟುತ್ತಿದ್ದರು. ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿಸಿ, ತಲೆಯ ಹತ್ತಿರ ದೀಪ ಹಚ್ಚಿಟ್ಟಿದ್ದರು. ಮ್ಯಾನೇಜರ್ ಗೇಟಿನ ಹತ್ತಿರವೇ ನಿಂತು ಕೇಂದ್ರ ಕಚೇರಿ ಜೊತೆ ಫೋನಿನಲ್ಲಿದ್ದರು. ಅದು ವರಮಹಾಲಕ್ಷ್ಮಿ ಹಬ್ಬದ ವಾರ. ಅಡವಿಟ್ಟ ಒಡವೆ ಬಿಡಿಸಿಕೊಂಡು ಹಬ್ಬಕ್ಕೆ ಹಾಕಿಕೊಳ್ಳುವವರು ಬರುವ ವಾರ, ವರ್ಷದಲ್ಲೇ ಸೇಫ್ ಅತಿ ಹೆಚ್ಚು ಸಲ ತೆಗೆಯುವ ವಾರ. ಶಾಖೆ ತೆಗೆಯಲೇಬೇಕು ಅಂತ ಮೇಲಿಂದ ಹೇಳಿದ್ದರು. "ನೀವೇ ಕೇಳಿ ಮೇಡಂ, ಹೆಂಗಸ್ರು ಒಳಗಿದ್ದಾರೆ" ಅಂದರು ಮ್ಯಾನೇಜರ್.

ನಾನು ಹೋಗಿ ಅವರ ಹೆಂಡತಿಯ ಪಕ್ಕ ಕೂತೆ. ಹತ್ತು ನಿಮಿಷ ಕೂತೆ. ಬಾಯಿ ಬರಲಿಲ್ಲ. ಕೊನೆಗೆ ಅವರ ಅಣ್ಣನೇ ನನ್ನ ಮುಖ ನೋಡಿ, "ಏನೋ ಕೀ ಅಂತಿದ್ರಲ್ಲ ಸಾಹೇಬ್ರು" ಅಂದರು.

ಕೀ ದೇವರ ಮನೆಯಲ್ಲಿತ್ತು. ಸಂಜೆ ಬಂದು ಕೈಕಾಲು ತೊಳೆದು ಅದನ್ನು ದೇವರ ಫೋಟೋದ ಮುಂದಿಟ್ಟು, ಬೆಳಿಗ್ಗೆ ಪೂಜೆಯಾದ ಮೇಲೆ ತೆಗೆದುಕೊಳ್ಳುವುದು ಅವರ ಪದ್ಧತಿ. ಆದರೆ ಮನೆಯಲ್ಲಿ ಹೆಣವಿದೆ, ಸೂತಕ; ದೇವರ ಮನೆ ಬಾಗಿಲಿಗೆ ಚಿಲಕ ಹಾಕಿ ಆಗಿತ್ತು. ವಯಸ್ಸಾದ ಒಬ್ಬರು "ಅದನ್ನ ತೆಗೀಬಾರ್ದು ಕನವ್ವ, ಹನ್ನೊಂದು ದಿನ ಆಗ್ಲಿ" ಅಂದರು. ಯಾರೂ ಎದ್ದೇಳಲಿಲ್ಲ. ಆಗ ಒಂಬತ್ತನೇ ಕ್ಲಾಸಿನ ಮಗಳು ಎದ್ದು ಹೋಗಿ ಚಿಲಕ ತೆಗೆದಳು. ಸಣ್ಣ ಜಿಪ್ ಇರುವ ಪ್ಲಾಸ್ಟಿಕ್ ಚೀಲ, ಒಳಗೆ ಕೆಂಪು ದಾರ ಕಟ್ಟಿದ ಕೀ. ಕೀ ತಲೆಗೆ ಕುಂಕುಮ ಅಂಟಿತ್ತು. ತಂದು ನನ್ನ ಕೈಗಿಟ್ಟು, "ಅಪ್ಪ ಇದನ್ನ ಯಾರ್ಗೂ ಮುಟ್ಟಕ್ಕೆ ಬಿಡ್ತಿರ್ಲಿಲ್ಲ ಆಂಟಿ" ಅಂದಳು.

ಅಲ್ಲಿಂದ ಇಪ್ಪತ್ತು ನಿಮಿಷದಲ್ಲಿ ಹೊರಟೆವು. ಕೇಂದ್ರ ಕಚೇರಿಯಿಂದ ಒಬ್ಬ ಅಧಿಕಾರಿ ಬಂದರು. ಕಸ್ಟೋಡಿಯನ್, ಅಂದರೆ ಕೀ ಇಟ್ಟುಕೊಳ್ಳುವವರು, ಬದಲಾದಾಗ ಕ್ಯಾಶ್ ಎಣಿಸಿ ಬರೆಯಲೇಬೇಕು. ಮೂವರು ಕೂತು ಎಣಿಸಿದೆವು. ಒಂದು ರೂಪಾಯಿ ಹೆಚ್ಚಿಲ್ಲ, ಒಂದು ರೂಪಾಯಿ ಕಡಿಮೆ ಇಲ್ಲ. ಶನಿವಾರ ಸಂಜೆ ಅವರು ಕಟ್ಟಿದ ಬಂಡಲ್‌ಗಳ ಮೇಲಿನ ಚೀಟಿಯಲ್ಲಿ ಅವರ ಸಹಿ ಹಾಗೇ ಇತ್ತು, ಅದನ್ನು ಹರಿದು ಎಣಿಸಬೇಕಾಯಿತು. 11.10ಕ್ಕೆ ಬಾಗಿಲು ತೆಗೆದೆವು. ಮೊದಲು ಒಳಗೆ ಬಂದದ್ದು ತಿಂಗಳಾ ಬರುವ ಒಬ್ಬ ಅಜ್ಜಿ. ನಾನು ಕ್ಯಾಶ್ ಕ್ಯಾಬಿನ್ನಿನಲ್ಲಿ ಕೂತಿದ್ದನ್ನು ಕಂಡು ಅಲ್ಲೇ ನಿಂತರು. "ಯಾಕವ್ವ ಬಾಗ್ಲು ತಗ್ದಿದ್ದೀರಿ? ಅವ್ನಿನ್ನೂ ಮಣ್ಣಾಗಿಲ್ವಲ್ಲ" ಅಂದು ದುಡ್ಡು ತೆಗೆಯದೆ ವಾಪಸ್ ಹೋದರು.

ಮಧ್ಯಾಹ್ನ ಎರಡಕ್ಕೆ ಅವರ ಜಮೀನಿನಲ್ಲಿ ಮಣ್ಣು. ಕ್ಯಾಶ್ ಕೆಲಸ ಬಲ್ಲವರು ಶಾಖೆಯಲ್ಲಿ ಅವರನ್ನು ಬಿಟ್ಟರೆ ನಾನೊಬ್ಬಳೇ. ಹಾಗಾಗಿ ನಾನು ಹೋಗಲಿಲ್ಲ. ಅವತ್ತು 31 ಚಿನ್ನದ ಪ್ಯಾಕೆಟ್ ಬಿಡಿಸಿಕೊಟ್ಟೆವು.

ಈ ಪ್ರಕರಣದಲ್ಲಿ ಆದ ಮೊದಲ ತಪ್ಪು ಇದೇ ಎಂಬುದು ನನ್ನ ಅಭಿಪ್ರಾಯ. ಕೀ ತರಿಸಿದ್ದು ತಪ್ಪಲ್ಲ. ಸೇಫಿನಲ್ಲಿರುವುದು ಜನರ ಒಡವೆ, ಅದರ ಕೀ ನೂರಾರು ಜನ ಬಂದು ಹೋಗುವ ಸಾವಿನ ಮನೆಯಲ್ಲಿ ಇರಬಾರದು. ಆದರೆ ಅದನ್ನು ತರಲು ಅವರ ಪಕ್ಕದಲ್ಲೇ ಒಂಬತ್ತು ವರ್ಷ ನಿಂತವಳನ್ನೇ ಕಳಿಸಬೇಕಿರಲಿಲ್ಲ. ಪಕ್ಕದ ತಾಲ್ಲೂಕಿನ ಶಾಖೆಯಿಂದ ಇಬ್ಬರನ್ನು ಒಂದು ದಿನಕ್ಕೆ ಕರೆಸಿ, "ಸಿಬ್ಬಂದಿಯೊಬ್ಬರು ನಿಧನರಾಗಿದ್ದಾರೆ, ಮಧ್ಯಾಹ್ನ ಮೂರರ ನಂತರ ವ್ಯವಹಾರ" ಎಂದು ಬೋರ್ಡ್ ಹಾಕಿದ್ದರೆ ಊರು ಕಾಯುತ್ತಿತ್ತು. ಆ ಅಜ್ಜಿಗೆ ಗೊತ್ತಿದ್ದದ್ದು ಕೇಂದ್ರ ಕಚೇರಿಗೆ ಹೊಳೆಯಲಿಲ್ಲ, ನಮಗೂ ಹೇಳುವ ಧೈರ್ಯ ಬರಲಿಲ್ಲ.

ಕುರ್ಚಿ

ಮಂಗಳವಾರ ಬೆಳಿಗ್ಗೆ ಬೇರೆ ಶಾಖೆಯಿಂದ ಹುಡುಗನೊಬ್ಬ ಡೆಪ್ಯುಟೇಷನ್ ಮೇಲೆ ಬಂದ. ಒಳ್ಳೆಯ ಹುಡುಗ, ಕೆಲಸ ಚುರುಕು. ಬಂದವನೇ ಡ್ರಾಯರ್ ಖಾಲಿ ಮಾಡಿ, ಅದರಲ್ಲಿದ್ದದ್ದನ್ನೆಲ್ಲ ಒಂದು ಕವರ್‌ಗೆ ತುಂಬಿ ನನ್ನ ಮೇಜಿನ ಮೇಲಿಟ್ಟ. ನೋಟು ಎಣಿಸಲು ಬೆರಳು ಒದ್ದೆ ಮಾಡುವ ಸ್ಪಂಜಿನ ಡಬ್ಬಿ, ಹೊಸ ಹತ್ತರ ನೋಟಿನ ಸಣ್ಣ ಕಟ್ಟು (ಮಕ್ಕಳ ಹುಟ್ಟುಹಬ್ಬಕ್ಕೆ ಕೇಳುವವರಿಗೆ ಎತ್ತಿಟ್ಟಿದ್ದು, ಅವರ ಸ್ವಂತ ದುಡ್ಡು), ಹರಿದ ನೋಟು ಅಂಟಿಸುವ ಟೇಪು, ಅರ್ಧ ಖಾಲಿಯಾದ ಗ್ಯಾಸ್ ಮಾತ್ರೆಯ ಶೀಟು. ಕವರಿನ ಮೇಲೆ ಅವನು ಪೆನ್ನಿನಲ್ಲಿ 'ಹಳೇ ಕ್ಯಾಶಿಯರ್' ಅಂತ ಬರೆದಿದ್ದ.

ನಮ್ಮ ಶಾಖೆಯ ಜನ ಎಷ್ಟು ಕೆಟ್ಟವರಾಗಬಲ್ಲರು ಅಂತ ಮುಂದಿನ ವಾರ ಗೊತ್ತಾಯಿತು. ಅಟೆಂಡರ್ ಎಲ್ಲರಿಗೂ ಟೀ ಕೊಟ್ಟು ಕ್ಯಾಶ್ ಕೌಂಟರ್ ದಾಟಿಕೊಂಡು ಹೋಗುತ್ತಿದ್ದ. ಗಿರಾಕಿಗಳು "ಕ್ಯಾಶಣ್ಣ ಹಿಂಗ್ ಕೊಡ್ತಿರ್ಲಿಲ್ಲ" ಅಂತ ನೋಟು ವಾಪಸ್ ತಳ್ಳುತ್ತಿದ್ದರು. ಗುರುವಾರ ಸಂಜೆ ₹4,500 ಕಡಿಮೆ ಬಂತು. ಹುಡುಗ ಬೆವೆತುಹೋಗಿ ಮತ್ತೆ ಮತ್ತೆ ಎಣಿಸುತ್ತಿದ್ದಾಗ ನಮ್ಮ ಚಿಕ್ಕ ಕ್ಲರ್ಕ್, 27 ವರ್ಷದ ಹುಡುಗಿ, ಎಲ್ಲರಿಗೂ ಕೇಳುವಂತೆ "ಹನ್ನೊಂದು ವರ್ಷದಲ್ಲಿ ಒಂದ್ಸಲನೂ ಹಿಂಗಾಗಿಲ್ಲ" ಅಂದಳು. ಅದು ನಿಜವೂ ಅಲ್ಲ. ಕ್ಯಾಶಣ್ಣ ಕನಿಷ್ಠ ಮೂರು ಸಲ ಕೈಯಿಂದ ಕಟ್ಟಿದ್ದು ನನಗೆ ಗೊತ್ತು. ಆದರೆ ನಾನೂ ಬಾಯಿ ಬಿಡಲಿಲ್ಲ. ಸತ್ತವರ ಬಗ್ಗೆ ಲೆಕ್ಕ ಹೇಳುವುದೇ ಅಪರಾಧ ಎಂಬಂಥ ದಿನಗಳು ಅವು.

ಆ ಹುಡುಗನ ಸ್ಥಿತಿಯನ್ನು ಆಮೇಲೆ ನೆನೆದರೆ ಸಂಕಟವಾಗುತ್ತದೆ. ಸತ್ತವರ ಜಾಗಕ್ಕೆ ಬರುವವನಿಗೆ ಯಾರೂ ಏನನ್ನೂ ಹೇಳಿ ಕಳಿಸಿರಲಿಲ್ಲ. ನಾವು ಮಾಡಬೇಕಿದ್ದದ್ದು ಸಣ್ಣದು: ಮೂರು ನಾಲ್ಕು ದಿನ ಆ ಕ್ಯಾಬಿನ್ ಖಾಲಿ ಬಿಟ್ಟು ಪಕ್ಕದ ಕೌಂಟರಿನಲ್ಲಿ ಕ್ಯಾಶ್ ನಡೆಸುವುದು, ಡ್ರಾಯರನ್ನು ನಾವೇ ನಾಲ್ಕು ಜನ ಕೂತು ತೆಗೆಯುವುದು, ಆಮೇಲೆ ಅವನನ್ನು ಕೈಹಿಡಿದು ಕೂರಿಸುವುದು.

ವಾಟ್ಸ್ಆ್ಯಪ್ ಗುಂಪಿನ ಕಥೆಯೂ ಹೇಳಿಬಿಡುತ್ತೇನೆ. ಸೋಮವಾರ ಪೂರ್ತಿ 'ಓಂ ಶಾಂತಿ', ಕೈಮುಗಿದ ಚಿತ್ರ, ಅವರ ಫೋಟೋಗೆ ಹಾರ ಹಾಕಿದ 'ಭಾವಪೂರ್ಣ ಶ್ರದ್ಧಾಂಜಲಿ'. ಬುಧವಾರ ಯಾರೋ ಎಂದಿನಂತೆ ಗುಲಾಬಿ ಹೂವಿನ ಶುಭೋದಯ ಹಾಕಿದರು. ಕ್ಯಾಶಣ್ಣನ ನಂಬರ್ ಗುಂಪಿನಲ್ಲಿ ಹಾಗೇ ಇತ್ತು, ಫೋನ್ ಅವರ ಹೆಂಡತಿಯ ಹತ್ತಿರ. ನಾವು ಹಾಕಿದ್ದನ್ನೆಲ್ಲ ಆ ನಂಬರಿನಿಂದ ಯಾರೋ ಓದುತ್ತಿದ್ದರು. ಇದನ್ನು ಮೊದಲು ಗಮನಿಸಿದ್ದು ಸೆಕ್ಯುರಿಟಿ. ಅಲ್ಲಿಂದ ಮುಂದೆ ಯಾರೂ ಗುಂಪಿನಲ್ಲಿ ಏನೂ ಹಾಕಲಿಲ್ಲ. ನಂಬರ್ ತೆಗೆಯಲು ಯಾರಿಗೂ ಮನಸ್ಸಾಗಲಿಲ್ಲ.

ಯಾರ ದುಃಖ ಲೆಕ್ಕಕ್ಕೆ ಬರುತ್ತದೆ

ಹನ್ನೊಂದು ವರ್ಷ ಕ್ಯಾಶಣ್ಣ ಮಧ್ಯಾಹ್ನದ ಊಟ ಮಾಡಿದ್ದು ಅಪ್ರೈಸರ್ ಆಚಾರ್ರ ಜೊತೆ. ಆಚಾರ್ರ ಡಬ್ಬಿಯ ಚಿತ್ರಾನ್ನ ಇವರಿಗೆ, ಇವರ ಡಬ್ಬಿಯ ಮುದ್ದೆ ಬಸ್ಸಾರು ಅವರಿಗೆ. ಶುಕ್ರವಾರ ಶಾಖೆಯಲ್ಲಿ ಸಂತಾಪ ಸಭೆ ಮಾಡಿದೆವು. ಕೇಂದ್ರ ಕಚೇರಿಯಿಂದ ಇಬ್ಬರು ನಿರ್ದೇಶಕರು ಬಂದರು. ಸಭೆಗೆ ಕರೆದದ್ದು 'ಸಿಬ್ಬಂದಿ'ಯನ್ನು. ಆಚಾರ್ರು, ಸೆಕ್ಯುರಿಟಿ, ಗುಡಿಸುವ ಅಮ್ಮ ಮೂವರೂ ಆ ಹೊತ್ತಿನಲ್ಲಿ ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ನಾವು ಒಳಗೆ ಎರಡು ನಿಮಿಷ ಎದ್ದು ನಿಂತಾಗ ಗಾಜಿನ ಆಚೆ ಅವರೂ ಎದ್ದು ನಿಂತದ್ದು ನನಗೆ ಕಂಡಿತು.

ಮರುವಾರ ಆಚಾರ್ರು ನಾಲ್ಕು ದಿನ ಬರಲಿಲ್ಲ. ಅವರದು ಕಮಿಷನ್ ಕೆಲಸ, ರಜೆ ಎಂಬುದೇ ಇಲ್ಲ. ಚಿನ್ನದ ಸಾಲ ನಿಂತುಹೋಯಿತೆಂದು ಅವರಿಗೊಂದು ನೋಟಿಸ್ ಬಂತು, "ಗೈರುಹಾಜರಿಗೆ ಕಾರಣ ತಿಳಿಸಿ" ಅಂತ. ಅವರು ಅದರ ಹಿಂದುಗಡೆಯೇ ಬರೆದರು: "ಮೈ ಹುಷಾರಿರಲಿಲ್ಲ."

ಅಮೆರಿಕದ ಕೆನೆತ್ ಡೋಕ ಎಂಬ ಸಂಶೋಧಕರು 1989ರಲ್ಲಿ ಇಂಥ ದುಃಖಕ್ಕೆ ಒಂದು ಹೆಸರು ಕೊಟ್ಟರು. ಸಮಾಜ ಒಪ್ಪಿಕೊಳ್ಳದ, ಬಹಿರಂಗವಾಗಿ ಅಳಲು ಹಕ್ಕು ಕೊಡದ ದುಃಖ. ಕನ್ನಡದಲ್ಲಿ 'ಹಕ್ಕಿಲ್ಲದ ದುಃಖ' ಅನ್ನಬಹುದೇನೋ. ನಮ್ಮಲ್ಲಿ ಹತ್ತು ದಿನ ಸೂತಕ ಯಾರಿಗೆ, ಮೂರು ದಿನ ಯಾರಿಗೆ, ಸ್ನಾನ ಮಾಡಿದರೆ ಸಾಕು ಎಂಬುದು ಯಾರಿಗೆ ಅಂತ ಸಂಬಂಧದ ಪ್ರಕಾರ ಪಟ್ಟಿಯೇ ಇದೆ. ಅಣ್ಣ ತಮ್ಮಂದಿರಿಗೆ, ದಾಯಾದಿಗಳಿಗೆ, ಬೀಗರಿಗೆ ಅದರಲ್ಲಿ ಜಾಗವಿದೆ. ದಿನಕ್ಕೆ ಎಂಟು ಗಂಟೆ ಜೊತೆಯಲ್ಲಿದ್ದವರಿಗೆ ಇಲ್ಲ. ನನ್ನ ಅತ್ತೆಯೇ ಅವತ್ತು ಸಂಜೆ, "ಆಫೀಸ್ನವ್ರು ತಾನೆ? ಸ್ನಾನ ಮಾಡ್ಕೊ, ಅಡುಗೆಗೆ ಹೊತ್ತಾಯ್ತು" ಅಂದರು. ಅವರದು ತಪ್ಪಲ್ಲ, ಪಟ್ಟಿಯಲ್ಲಿರುವುದೇ ಅಷ್ಟು. ನನಗೇ ಸಂಕೋಚ. ಮನೆಯಲ್ಲಿ ಅತ್ತರೆ ಏನೆಂದುಕೊಳ್ಳುತ್ತಾರೋ, ಪರಗಂಡಸಿಗೆ ಇಷ್ಟೇಕೆ ಅಂತ. ಬಸ್ಸಿನಲ್ಲಿ ಅಳುತ್ತಿದ್ದೆ.

ನಲವತ್ತು ನಿಮಿಷದ ವಿಡಿಯೋ

ಒಂಬತ್ತನೇ ದಿನ ಕೇಂದ್ರ ಕಚೇರಿಯವರು ಆಪ್ತಸಮಾಲೋಚನೆ ಏರ್ಪಡಿಸಿದರು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಬೆಂಗಳೂರಿನಿಂದ ಒಬ್ಬರು ವಿಡಿಯೋದಲ್ಲಿ ಬಂದು ದುಃಖದ ಐದು ಹಂತಗಳ ಸ್ಲೈಡ್ ತೋರಿಸಿ, ಒಬ್ಬೊಬ್ಬರೂ ಆ ದಿನ ಏನಾಯಿತು, ಏನನ್ನಿಸಿತು ಹೇಳಿ ಅಂದರು. ಮ್ಯಾನೇಜರ್ ಎದುರಿಗೇ. ನಾನು ಕೀ ವಿಷಯ ನುಂಗಿಕೊಂಡು ಬೇರೇನೋ ಹೇಳಿದೆ. ಚಿಕ್ಕ ಕ್ಲರ್ಕ್ ಸರದಿ ಬಂದಾಗ "ಶನಿವಾರ ಮಾತ್ರೆ ಕೊಟ್ಟಿದ್ದು ನಾನೇ" ಅಂದವಳು ಎದ್ದು ಹೊರಗೆ ಹೋದಳು. ಸಮಯ ಮುಗಿಯಿತು, ಸ್ಕ್ರೀನ್ ಕಪ್ಪಾಯಿತು. ಆಮೇಲೆ ಒಂದು ವಾರ ನಾವು ಒಬ್ಬರ ಮುಖ ಒಬ್ಬರು ಸರಿಯಾಗಿ ನೋಡಲಿಲ್ಲ.

ಆ ಐದು ಹಂತಗಳನ್ನು ಎಲಿಸಬೆತ್ ಕ್ಯೂಬ್ಲರ್ ರಾಸ್ ಎಂಬ ಮನೋವೈದ್ಯೆ 1969ರಲ್ಲಿ ಬರೆದದ್ದು ಸಾಯುತ್ತಿರುವ ರೋಗಿಗಳನ್ನು ಮಾತಾಡಿಸಿ, ಉಳಿದುಕೊಂಡವರನ್ನು ನೋಡಿ ಅಲ್ಲ. ಆಮೇಲೆ ಅದು ಎಲ್ಲರ ದುಃಖಕ್ಕೂ ಅಂಟಿಕೊಂಡಿತು. ಇನ್ನೊಂದು ಸಂಗತಿಯೂ ನನಗೆ ತಿಳಿದದ್ದು ತಡವಾಗಿ. ಆಘಾತವಾದ ಕೆಲವೇ ದಿನಗಳಲ್ಲಿ ಎಲ್ಲರನ್ನೂ ಒಂದೇ ಸಲ ಕೂರಿಸಿ ನಡೆದದ್ದನ್ನೆಲ್ಲ ಹೇಳಿಸುವ ಪದ್ಧತಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಬೇಡ ಅನ್ನುತ್ತದೆ. ಅದು 2011ರಲ್ಲಿ ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಹೇಳುವುದು ಮೂರು ಕೆಲಸ: ಯಾರಿಗೆ ಏನು ಬೇಕಾಗಿದೆ ನೋಡಿ, ಹೇಳಿದರೆ ಕೇಳಿ, ಬೇಕಾದ ಸಹಾಯಕ್ಕೆ ಜೋಡಿಸಿ. ಹೇಳು ಹೇಳು ಎಂದು ಒತ್ತಾಯ ಮಾಡಬೇಡಿ. ಇದು ನಮ್ಮ ಗುಡಿಸುವ ಅಮ್ಮನಿಗೆ ಯಾವ ಕೈಪಿಡಿಯೂ ಇಲ್ಲದೆ ಬರುತ್ತಿತ್ತು. ಆ ಹುಡುಗಿ ಹೊರಗೆ ಹೋಗಿ ನೀರಿನ ಡ್ರಮ್ಮಿನ ಹತ್ತಿರ ನಿಂತಾಗ, ಅವರು ಮಾತಾಡದೆ ಹೋಗಿ ಪಕ್ಕದಲ್ಲಿ ನಿಂತುಕೊಂಡರು.

ಗ್ಯಾಸ್ ಮಾತ್ರೆ

ಶನಿವಾರ ಮಧ್ಯಾಹ್ನ ಕ್ಯಾಶಣ್ಣ ಎದೆ ನೀವಿಕೊಂಡು "ಯಾಕೋ ಗ್ಯಾಸು" ಅಂದಿದ್ದರು. ಅಟೆಂಡರ್ ಸೋಡಾ ತಂದ. ಚಿಕ್ಕ ಕ್ಲರ್ಕ್ ತನ್ನ ಬ್ಯಾಗಿನಲ್ಲಿದ್ದ ಮಾತ್ರೆ ಶೀಟು ಕೊಟ್ಟಳು. ನಾನು "ಡಾಕ್ಟರಿಗೆ ತೋರಿಸ್ಕೊಳ್ಳಿ" ಅಂದೆ, ಅವರು "ಹಬ್ಬ ಮುಗೀಲಿ ಮೇಡಂ" ಅಂದರು. ಮ್ಯಾನೇಜರ್ ಅವತ್ತು ಬೇಗ ಬಿಡಬಹುದಿತ್ತು, ಬಿಡಲಿಲ್ಲ. ನಾಲ್ಕು ಜನಕ್ಕೂ ಒಂದೊಂದು ಪಾಲು ತಪ್ಪು ಸಿಕ್ಕಿತು. ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಒಬ್ಬೊಬ್ಬರೂ ತಮ್ಮ ಪಾಲೇ ದೊಡ್ಡದು ಅಂದುಕೊಂಡಿದ್ದೆವು.

ಇದರ ಜೊತೆಗೆ ಆ ಹೊತ್ತಿನ ಭಯ ಬೇರೆ. ಅದಕ್ಕೆ ತಿಂಗಳ ಮುಂಚೆಯಷ್ಟೇ ಪಕ್ಕದ ಹಾಸನ ಜಿಲ್ಲೆಯಲ್ಲಿ ಸುಮಾರು ನಲವತ್ತು ದಿನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಸತ್ತರು ಅನ್ನುವ ಸುದ್ದಿ ಟಿವಿ ತುಂಬ ಓಡಿತ್ತು. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಾಗುವ ಮೊದಲೇ ಸಾಲು. 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ 46ಕ್ಕೇ ಹೋದಾಗಲೂ ಹೀಗೇ ಆಗಿತ್ತು. ಸರ್ಕಾರ ನೇಮಿಸಿದ್ದ ತಜ್ಞರ ಸಮಿತಿ ಕೋವಿಡ್ ಲಸಿಕೆಗೂ ಇಂಥ ಸಾವುಗಳಿಗೂ ಸಂಬಂಧ ಕಂಡಿಲ್ಲ ಎಂದು ಹೇಳಿದ್ದರೂ ನಮ್ಮ ಕೌಂಟರ್ ಮುಂದೆ ವಾದ ನಿಂತಿರಲಿಲ್ಲ. "ಹಾಸನದ್ದು ಇಲ್ಲಿಗೂ ಬಂತು" ಅನ್ನುತ್ತಿದ್ದರು, ಅಂಟುರೋಗದ ಹಾಗೆ. ಇನ್ನೊಬ್ಬ ಕ್ಲರ್ಕ್, 35ರ ಗಂಡಸು, ಹದಿನೈದು ದಿನದಲ್ಲಿ ಮೂರು ಕಡೆ ಇಸಿಜಿ ತೆಗೆಸಿದರು.

ಈ ಗಂಟನ್ನು ಒಂದಿಷ್ಟು ಸಡಿಲ ಮಾಡಿದವರು ತಾಲ್ಲೂಕು ಆಸ್ಪತ್ರೆಯ ಒಬ್ಬ ಡಾಕ್ಟರ್. ಸೋಮವಾರ ಕ್ಯಾಶಣ್ಣನನ್ನು ಕರೆದೊಯ್ದಾಗ ಡ್ಯೂಟಿಯಲ್ಲಿದ್ದವರು. ಉಳಿತಾಯ ಖಾತೆ ನಮ್ಮಲ್ಲೇ. ಒಂದು ಸಂಜೆ ಪಾಸ್‌ಬುಕ್ ಎಂಟ್ರಿಗೆ ಬಂದವರನ್ನು ಆ ಹುಡುಗಿ ನೇರವಾಗಿ ಕೇಳಿಬಿಟ್ಟಳು: "ನಾನು ಮಾತ್ರೆ ಕೊಡದೇ ಇದ್ದಿದ್ರೆ ಆಸ್ಪತ್ರೆಗೆ ಬರ್ತಿದ್ರಾ?" ಅವರು ಕುರ್ಚಿ ಎಳೆದುಕೊಂಡು ಕೂತರು. ಏನೂ ಆಗುತ್ತಿರಲಿಲ್ಲ ಬಿಡಿ ಅಂತ ಸುಲಭದ ಸಮಾಧಾನ ಹೇಳಲಿಲ್ಲ. ಹೃದಯದ ನೋವನ್ನು ಗ್ಯಾಸ್ ಅಂದುಕೊಳ್ಳುವುದು ರೋಗಿಗಳೇ, ಕೆಲವೊಮ್ಮೆ ಡಾಕ್ಟರುಗಳೇ ಮಾಡುವ ತಪ್ಪು. ಅವತ್ತು ಇಸಿಜಿ ತೆಗೆದಿದ್ದರೂ ಸರಿಯಾಗಿಯೇ ಬಂದಿರಬಹುದಿತ್ತು, ಬರದೆಯೂ ಇರಬಹುದಿತ್ತು. ಅದನ್ನು ಈಗ ಯಾರೂ ಹೇಳಲಾರರು ಅಂದರು. ಆಮೇಲೆ ಕೆಲಸದ ಮಾತು. ಪುನೀತ್ ಹೆಸರಿನಲ್ಲಿ 2023ರಲ್ಲಿ ಶುರುವಾದ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು ಜಯದೇವದಂಥ ದೊಡ್ಡ ಆಸ್ಪತ್ರೆಯ ವೈದ್ಯರಿಗೆ ಕಳಿಸುತ್ತಾರೆ; ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ದುಬಾರಿಯದು, ಅದನ್ನು ಇಲ್ಲೇ ಉಚಿತವಾಗಿ ಕೊಡುತ್ತಾರೆ. "ಇನ್ಮೇಲೆ ಯಾರಾದ್ರೂ ಎದೆ ಹಿಡ್ಕೊಂಡ್ರೆ ಮಾತ್ರೆ ಕೊಡಿ, ಆದ್ರೆ ಆಟೋದಲ್ಲಿ ಕೂರ್ಸಿ ಕೊಡಿ" ಅಂದು ನಗದೆ ಎದ್ದರು.

ಆ ಹುಡುಗಿಗೆ ಇದರಿಂದ ಎಲ್ಲ ಸರಿಹೋಗಲಿಲ್ಲ. ಎರಡು ತಿಂಗಳು ನಿದ್ದೆಯಿಲ್ಲ, ಬೆಳಗಿನ ಜಾವ ನಾಲ್ಕಕ್ಕೆ ಎಚ್ಚರ. ಒಂದು ರಾತ್ರಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಅರ್ಧ ಗಂಟೆ ಮಾತಾಡಿದಳು. ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ಮನೋವೈದ್ಯರನ್ನು ಕಾಣಲು ಹೋದಾಗ ಜೊತೆಗೆ ನಾನು ಹೋದೆ. ರಜೆ ಚೀಟಿಯಲ್ಲಿ 'ಜ್ವರ' ಅಂತ ಬರೆದಳು. ಬರೆಯಬೇಡ ಅನ್ನಲು ನನಗೆ ಮನಸ್ಸಾಗಲಿಲ್ಲ.

ಕಾಗದಪತ್ರ

ನಮ್ಮನ್ನು ಮತ್ತೆ ಮನುಷ್ಯರನ್ನಾಗಿ ಮಾಡಿದ್ದು ಕಾಗದಪತ್ರ. ಬ್ಯಾಂಕಿನವಳು ಹೇಳಿದರೆ ನಗು ಬರಬಹುದು.

ತಿಥಿಯಾದ ಮರುವಾರ ಅವರ ಹೆಂಡತಿ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಪಾಸ್‌ಬುಕ್, ಆಧಾರ್, ಪುರಸಭೆ ಕೊಟ್ಟ ಮರಣ ಪ್ರಮಾಣಪತ್ರ ಹಿಡಿದು ಬಂದರು. ಗಿರಾಕಿಗಳ ಬೆಂಚಿನ ಮೇಲೆ ಕೂತು ಟೋಕನ್ ತಗೊಂಡಿದ್ದರು. ಸೆಕ್ಯುರಿಟಿ ನೋಡಿ ಓಡಿ ಬಂದು ನನಗೆ ಹೇಳಿದ.

ಅವತ್ತಿನಿಂದ ಸಂಜೆ ಐದರ ಮೇಲೆ ನಾವೆಲ್ಲ ಆ ಫೈಲ್ ಹಿಡಿದು ಕೂರುತ್ತಿದ್ದೆವು. ಪಿಎಫ್ ಹಣಕ್ಕೆ ಫಾರ್ಮ್ 20, ವಿಮೆಗೆ 5ಐಎಫ್, ಪಿಂಚಣಿಗೆ 10ಡಿ. ಪಿಎಫ್ ಇರುವ ನೌಕರ ಸೇವೆಯಲ್ಲಿದ್ದಾಗ ಸತ್ತರೆ ಅವನೊಂದು ಪೈಸೆ ಕಟ್ಟದಿದ್ದರೂ ಇಡಿಎಲ್‌ಐ ವಿಮೆ ಇರುತ್ತದೆ ಎಂಬುದು ನಮ್ಮಲ್ಲೇ ಅರ್ಧ ಜನಕ್ಕೆ ಗೊತ್ತಿರಲಿಲ್ಲ. ಸಂಬಳ ಎಷ್ಟೇ ಇರಲಿ, ಲೆಕ್ಕಕ್ಕೆ ಹಿಡಿಯುವುದು ತಿಂಗಳಿಗೆ ಹೆಚ್ಚೆಂದರೆ ₹15,000. ಅದರ 35 ಪಟ್ಟು ₹5,25,000, ಜೊತೆಗೆ ಪಿಎಫ್ ಬಾಕಿಯ ಅರ್ಧ, ಅದು ₹1,75,000 ಮೀರುವಂತಿಲ್ಲ. ಒಟ್ಟು ₹7 ಲಕ್ಷ ಅವರಿಗೆ ಪೂರ್ತಿ ಸಿಗುವಂತಿತ್ತು. ಗ್ರಾಚ್ಯುಟಿ: ಕೊನೆಯ ಮೂಲ ವೇತನ ಮತ್ತು ತುಟ್ಟಿಭತ್ಯೆ ₹38,000, ಅದನ್ನು 15ರಿಂದ ಗುಣಿಸಿ 26ರಿಂದ ಭಾಗಿಸಿ 17 ವರ್ಷಕ್ಕೆ ₹3,72,692. ಈ ಲೆಕ್ಕ ಮಾಡಿದ್ದು ಡೆಪ್ಯುಟೇಷನ್ ಹುಡುಗ, ಎರಡು ಸಲ ಮಾಡಿ ತೋರಿಸಿದ. ಅವತ್ತು ಅಟೆಂಡರ್ ಮೊದಲ ಟೀ ಅವನಿಗೆ ಕೊಟ್ಟ. ಜನಕ್ಕೆಲ್ಲ ಕ್ಯಾಶಣ್ಣ ಮಾಡಿಸುತ್ತಿದ್ದ ₹436ರ ಜೀವನ ಜ್ಯೋತಿ ವಿಮೆ ಅವರ ಹೆಸರಿನಲ್ಲೂ ಇತ್ತು. ಅದರ ₹2 ಲಕ್ಷ ಎಲ್ಲಕ್ಕಿಂತ ಮೊದಲು ಬಂತು.

ತೊಡಕಾದದ್ದು ನಾಮಿನಿ. ದಿನಾ ಬೆಳಗಾದರೆ "ನಾಮಿನಿ ಹಾಕಿಸಿ, ನಾಮಿನಿ ಹಾಕಿಸಿ" ಎಂದು ಗಿರಾಕಿಗಳ ಜೀವ ತಿನ್ನುತ್ತಿದ್ದ ಮನುಷ್ಯ. ತನ್ನ ಪಿಎಫ್‌ಗೆ ಕೆಲಸಕ್ಕೆ ಸೇರಿದಾಗ ಹಾಕಿದ್ದ ಅಮ್ಮನ ಹೆಸರನ್ನೇ ಬಿಟ್ಟಿದ್ದರು. ಅಮ್ಮ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ನಾಡಕಚೇರಿಗೆ ಅಲೆದು ವಂಶವೃಕ್ಷ, ಬದುಕಿರುವ ಕುಟುಂಬ ಸದಸ್ಯರ ದೃಢೀಕರಣ ಪತ್ರ ಎಲ್ಲ ಮಾಡಿಸಬೇಕಾಯಿತು. ಅಲೆದದ್ದು ಆಚಾರ್ರು. ಯಾರೂ ಹೇಳಿರಲಿಲ್ಲ. "ನಾನು ಮಧ್ಯಾಹ್ನ ಹೆಂಗೂ ಊಟಕ್ಕೆ ಒಬ್ನೇ, ಆ ಹೊತ್ತಲ್ಲಿ ಹೋಗ್ ಬರ್ತೀನಿ" ಅಂದರು. ಅಷ್ಟು ದಿನದಲ್ಲಿ ಅವರು ಕ್ಯಾಶಣ್ಣನ ಬಗ್ಗೆ ಆಡಿದ ಮೊದಲ ಮಾತು ಅದು.

ಒಂದು ಸಂಜೆ ಸಹಿ ಹಾಕಲು ಬಂದಾಗ ಅವರ ಹೆಂಡತಿ, "ಅವ್ರು ಕೂರ್ತಿದ್ದ ಜಾಗ ನೋಡ್ಬೋದಾ?" ಅಂತ ಕೇಳಿದರು. ಕ್ಯಾಶ್ ಕ್ಯಾಬಿನ್ನಿಗೆ ಹೊರಗಿನವರು ಹೋಗುವಂತಿಲ್ಲ. ಮ್ಯಾನೇಜರ್ "ರೂಲ್ಸ್ ಇಲ್ಲಮ್ಮ" ಅಂದರು. ಅವರು ಸರಿ ಅಂತ ತಲೆಯಾಡಿಸಿ ಎದ್ದರು. ಬಾಗಿಲವರೆಗೆ ಹೋಗಿದ್ದರು, ಅಷ್ಟರಲ್ಲಿ ಮ್ಯಾನೇಜರ್ ಕರೆದರು. ಸೇಫ್ ಮುಚ್ಚಿಸಿ, ಡ್ರಾಯರ್ ಖಾಲಿ ಇದೆಯೆಂದು ನೋಡಿ, ಶಟರ್ ಅರ್ಧ ಎಳೆಸಿ, ತಾವೇ ಕ್ಯಾಬಿನ್ ಬಾಗಿಲು ತೆಗೆದರು. ಅವರು ಒಳಗೆ ಹೋಗಿ ಕೂತರು. ಗಾಜಿನ ಕಿಂಡಿಯಿಂದ ಆಚೆ ನೋಡಿದರು. "ಇಲ್ಲಿಂದ ಬಾಗ್ಲೇ ಕಾಣಲ್ವಲ್ಲ, ನಾನು ಬಸ್ಸಲ್ಲಿ ಹೋಗ್ವಾಗೆಲ್ಲ ಕೈ ಮಾಡ್ತಿದ್ದೆ" ಅಂದರು.

ಆ ರಾತ್ರಿ ಮ್ಯಾನೇಜರ್ ನನಗೆ ಒಂದು ವಿಷಯ ಹೇಳಿದರು. 2021ರ ಮೇ ತಿಂಗಳಲ್ಲಿ, ಕೋವಿಡ್ ಎರಡನೇ ಅಲೆ ಹೊತ್ತಿನಲ್ಲಿ, ಬೇರೆ ಶಾಖೆಯಲ್ಲಿದ್ದಾಗ ಅವರ ಜೊತೆಯ ಅಧಿಕಾರಿಯೊಬ್ಬರು ಹೋದರಂತೆ. ಮುಖ ನೋಡಲೂ ಆಗಲಿಲ್ಲ. ಮರುದಿನ ಸ್ಯಾನಿಟೈಸರ್ ಹೊಡೆಸಿ ಶಾಖೆ ತೆಗೆದರಂತೆ. "ಅವತ್ತು ಕೀ ಎಲ್ಲಿದೆ ಅಂತ ಒಂದೇ ಯೋಚ್ನೆ ಮಾಡ್ತಾ ಇದ್ದಿದ್ರಿಂದ ತಡ್ಕೊಂಡೆ ಮೇಡಂ. ಅದೊಂದೇ ನಂಗೆ ಗೊತ್ತಿರೋ ದಾರಿ." ನನ್ನ ಸಿಟ್ಟು ಹೋದದ್ದು ಅವತ್ತು. ಆದರೂ ಆ ದಾರಿ ಸರಿಯಿತ್ತೆಂದು ನಾನು ಈಗಲೂ ಒಪ್ಪುವುದಿಲ್ಲ, ಅವರಿಗೂ ಹೇಳಿದ್ದೇನೆ.

ಶಾಖೆಯಲ್ಲಿ ಈಗ ಕೆಲವು ಸಂಗತಿ ಬೇರೆ ಥರ ನಡೆಯುತ್ತವೆ. ಕ್ಯಾಶ್ ಕೆಲಸ ಮೂವರಿಗೆ ಬರುತ್ತದೆ, ಹಾಗಾಗಿ ಮಣ್ಣಿಗೆ ಹೋಗದೆ ಉಳಿಯಬೇಕಾದವರು ಯಾರೂ ಇಲ್ಲ. ಹೊಸ ವರ್ಷದಲ್ಲಿ ಒಂಬತ್ತೂ ಜನ ಕೂತು ಅವರವರ ನಾಮಿನಿ ನೋಡಿಕೊಂಡೆವು, ನಾಲ್ಕು ಜನರದ್ದು ತಪ್ಪಿತ್ತು. ಒಂದು ನನ್ನದೇ. ಆಚಾರ್ರು ಮತ್ತು ಡೆಪ್ಯುಟೇಷನ್ ಹುಡುಗ (ಈಗ ಅವನು ಕಾಯಂ ಇಲ್ಲೇ) ಒಟ್ಟಿಗೆ ಊಟ ಮಾಡುವುದಿಲ್ಲ, ಆದರೆ ಒಂದೇ ಹೊತ್ತಿಗೆ ಮಾಡುತ್ತಾರೆ.

ಈ ವರ್ಷದ ಆಡಿಟ್‌ನಲ್ಲಿ ಕೀ ರಿಜಿಸ್ಟರಿನ ಮೇಲೆ ಒಂದು ಆಕ್ಷೇಪಣೆ ಬಂತು. 4-8-2025ರ ಸಾಲಿನಲ್ಲಿ 'ಪಡೆದವರು' ಎಂಬಲ್ಲಿ ನನ್ನ ಸಹಿ ಇದೆ, 'ಕೊಟ್ಟವರು' ಎಂಬ ಕಾಲಂ ಖಾಲಿ. ವಿವರಣೆ ಕೊಡಿ ಅಂತ. ನಾನು "ಕೊಟ್ಟವರು: ಮಗಳು" ಅಂತ ಬರೆದೆ. ಮ್ಯಾನೇಜರ್ ಅದನ್ನು ಓದಿ ಸ್ವಲ್ಪ ಹೊತ್ತು ಪೆನ್ನು ಹಿಡಿದು ಕೂತಿದ್ದು, "ಕಸ್ಟೋಡಿಯನ್ ನಿಧನರಾದ ಕಾರಣ ಅವರ ಕುಟುಂಬದವರಿಂದ ಪಡೆಯಲಾಗಿದೆ" ಎಂದು ತಿದ್ದಿ ಕಳಿಸಿದರು. ಆಡಿಟರ್ ಆಕ್ಷೇಪಣೆ ಕೈಬಿಟ್ಟರು. ರಿಜಿಸ್ಟರಿನಲ್ಲಿ ಮಾತ್ರ ನಾನು ಬರೆದದ್ದೇ ಇದೆ, ಇಂಕಿನಲ್ಲಿ ಬರೆದಿದ್ದೆ.